ಮುದ್ದಮ್ಮ ರಸ್ತೆ ನೋಡಲು ಹೋದದ್ದು

ಬಾಗೂರು ಕಡೆಯ ಹುಡುಗಿ ಮುದ್ದಮ್ಮ ಹದಿನಾರನೆಯ ವಯಸ್ಸಿಗೆ ಗುಂಡಯ್ಯನ ಕೈ ಹಿಡಿದು ಹೊಳೆನರಸೀಪುರದ ಸೀಮೆಗೆ ಬಂದಾಗ, ಅವಳು ಒಲೆ ಹೂಡಿದ ಮೊದಲ ಮನೆ ರಸ್ತೆ ಬದಿಯ ಒಂದು ಸೋಗೆ ಗುಡಿಸಲು. ಗುಂಡಯ್ಯ ರಸ್ತೆ ಗ್ಯಾಂಗಿನ ಆಳು. ಕೆಲಸ ಮುಂದೆ ಸಾಗಿದ ಹಾಗೆ ಗುಡಿಸಲೂ ಮುಂದೆ ಸಾಗುತ್ತಿತ್ತು. ಮೂರು ತಿಂಗಳು ಈ ದಿಣ್ಣೆ, ಮಳೆಗಾಲವೆಲ್ಲ ಆ ಮೋರಿ. ಗಂಡ ಹಾರೆ ಹಿಡಿದರೆ ಹೆಂಡತಿ ಮಕ್ಕರಿ ಹೊತ್ತಳು. ಮಣ್ಣಿನ ಕೆಲಸ ಆ ತುದಿ ಮುಟ್ಟಿದ ಮೇಲೆ ಮತ್ತೆ ಈ ತುದಿಯಿಂದ ಜಲ್ಲಿ ಒಡೆಯಲು ಕೂತಳು. ಹನ್ನೊಂದು ವರ್ಷ ಹಾಗೇ ಕಳೆದವು.

ಅರವತ್ಮೂರರ ಕೊನೆಗೆ ಹೊಳೆನರಸೀಪುರದಿಂದ ಅರಕಲಗೂಡಿನವರೆಗೂ ಟಾರು ಬಿತ್ತು. ಗುಂಡಯ್ಯನಿಗೆ ಕೆಲಸ ಖಾಯಂ ಆಯಿತು. ಹಳೆಯ ಸೈಕಲ್ಲೊಂದು ಮನೆಗೆ ಬಂತು. ಮೂವತ್ತೈದು ದಾಟಿದವನು ಎರಡು ವಾರ ಬಿದ್ದು ಎದ್ದು, ಮೊಣಕೈ ತರಚಿಕೊಂಡು ತುಳಿಯುವುದನ್ನು ಕಲಿತ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮುದ್ದಮ್ಮ ಮುದ್ದೆ ಬಡಿಸುತ್ತಾ ಕೇಳಿದಳು: "ಇಗಾ, ಭಾನುವಾರ ಅರಕಲಗೂಡಿಗೆ ಕರ್ಕೊಂಡು ಓಗ್ತೀಯಾ, ಸೈಕಲ್ನಾಗೆ?"

"ಅಲ್ಯಾರವ್ರೆ ನಮ್ಮೋರು?"

"ಯಾರೂ ಇಲ್ಲ. ರಸ್ತೆ ಐತಲ್ಲ. ತುಂಡು ತುಂಡಾಗಿ ಮಾಡಿದ್ದೇ ಆಯ್ತು, ಒಂದು ದಪಾನಾದ್ರೂ ಈ ತುದಿಯಿಂದ ಆ ತುದಿಗೆ ಓಗ್ನಿಲ್ಲ."

ಗುಂಡಯ್ಯ ನಕ್ಕ. "ಏರುಗಳು ಗೊತ್ತವೇನೆ? ತುಳ್ದು ತುಳ್ದು ಉಸ್ರು ನಿಂತೋಯ್ತದೆ."

"ಏರ್ನಾಗೆ ನಾನು ಇಳ್ದು ನಡೀತೀನಿ ಕಣ."

ಭಾನುವಾರ ಇಬ್ಬನಿ ಬಿಡುವ ಮೊದಲೇ ಹೆಣ್ಣುಮಕ್ಕಳಿಬ್ಬರನ್ನೂ ಅತ್ತೆಯ ಬಳಿ ಬಿಟ್ಟು ಹೊರಟರು. ಮುದ್ದಮ್ಮ ಕ್ಯಾರಿಯರಿನ ಮೇಲೆ ಗೋಣಿಚೀಲ ಮಡಿಸಿ ಹಾಕಿ ಒಂದು ಪಕ್ಕಕ್ಕೆ ಕೂತಳು. ಮಡಿಲಲ್ಲಿ ರೊಟ್ಟಿ ಗಂಟು. ಗಂಡನನ್ನು ಹಿಡಿದುಕೊಳ್ಳಲು ನಾಚಿಕೆಯಾಗಿ ಸೀಟಿನ ಕೆಳಗಿನ ಸ್ಪ್ರಿಂಗು ಹಿಡಿದಳು.

ಅವರೆ ಹೊಲಗಳ ಸೊಗಡು ಗಾಳಿಯಲ್ಲಿ ತುಂಬಿತ್ತು. ಒಂದು ಊರಿನ ಮುಂದೆ ರೈತರು, ಬಸ್ಸಿನ ಚಕ್ರಕ್ಕೆ ಸಿಕ್ಕಿ ಕಾಳು ಉದುರಲೆಂದು, ರಸ್ತೆಯ ತುಂಬ ಹುರುಳಿಗಿಡ ಹರವಿದ್ದರು. ಸೈಕಲ್ಲು ಅದರೊಳಗೆ ನುಗ್ಗಿ, ಬಳ್ಳಿ ಚೈನಿಗೆ ಸುತ್ತಿಕೊಂಡು ನಿಂತೇಬಿಟ್ಟಿತು. ಇಬ್ಬರೂ ಕೂತು ಬಿಡಿಸಬೇಕಾಯಿತು. "ನಾವು ರಸ್ತೆ ಮಾಡಿದ್ದು ಇವರ ಕಣಕ್ಕೆ ಅಂತ ಕಾಣ್ತದೆ" ಎಂದು ಗುಂಡಯ್ಯ ಗೊಣಗಿದ. ಮುದ್ದಮ್ಮನಿಗೆ ನಗು ತಡೆಯಲಾಗಲಿಲ್ಲ.

ಅವಳಿಗೆ ದಾರಿಯೆಲ್ಲ ಗುರುತು. ಈ ತಿರುವಿನಲ್ಲಿ ದೊಡ್ಡ ಮಗಳ ಹೆರಿಗೆ ನೋವು ಶುರುವಾದದ್ದು. ಆ ಬೇವಿನ ಮರದಲ್ಲಿ ಸೀರೆ ಜೋಲಿ ಕಟ್ಟಿದ್ದು. ಆದರೆ ಅಂದು ತಿಂಗಳುಗಟ್ಟಲೆ ಕಳೆದ ಜಾಗಗಳು ಇಂದು ಕಣ್ಣು ಮಿಟುಕಿಸುವುದರೊಳಗೆ ಹಿಂದೆ ಸರಿಯುತ್ತಿದ್ದವು. "ಮೆಲ್ಲಗೆ ಓಗು" ಎಂದಳು. "ಇನ್ನೂ ಮೆಲ್ಲಗೆ ಓದ್ರೆ ಬಿದ್ದೋಯ್ತೀವಿ ಕಣ್ಲೇ" ಎಂದ ಅವನು.

ಹಳ್ಳಿಮೈಸೂರಿನ ಹೋಟೆಲಿನ ಹತ್ತಿರ ಟೀ ಕುಡಿಯಲು ನಿಂತರು. ಕೆಲಸದ ದಿನಗಳಲ್ಲಿ ಅವರ ಕೇರಿಯವರು ಅಲ್ಲಿ ದೂರ ನಿಂತು, ತಮ್ಮ ಲೋಟಕ್ಕೆ ಮೇಲಿನಿಂದ ಹುಯ್ಯಿಸಿಕೊಂಡು ಕುಡಿದವರು. ಇವತ್ತು ಕ್ಯಾರಿಯರಿನ ಕಂಬಿ ಒತ್ತಿ ಒತ್ತಿ ಮುದ್ದಮ್ಮನ ಸೊಂಟ ಬಿದ್ದುಹೋಗಿತ್ತು. ಹಿಂದು ಮುಂದು ನೋಡದೆ ಹೋಟೆಲಿನ ಬೆಂಚಿನ ಮೇಲೆ ಕೂತುಬಿಟ್ಟಳು. ಕೂತ ಮೇಲಷ್ಟೇ ತಾನೆಲ್ಲಿ ಕೂತೆ ಎಂಬುದು ಹೊಳೆಯಿತು. ಹೋಟೆಲಿನ ಯಜಮಾನ ಚಿಕ್ಕಯ್ಯ ಅವಳನ್ನೊಮ್ಮೆ ನೋಡಿದ, ರಸ್ತೆಯನ್ನೊಮ್ಮೆ ನೋಡಿದ, ಎರಡು ಗಾಜಿನ ಲೋಟ ತಂದು ಪಕ್ಕದಲ್ಲಿಟ್ಟು ಒಳಗೆ ಹೋದ. ಗುಂಡಯ್ಯ ನಿಂತೇ ಕುಡಿದ. ಮುದ್ದಮ್ಮ ಮಾತ್ರ ಏಳಲಿಲ್ಲ. ಕೊನೆಯ ಗುಟುಕಿನವರೆಗೂ ಕೂತೇ ಕುಡಿದಳು.

ಅಲ್ಲಿಂದ ಮುಂದೆ ನಿಜವಾದ ಏರುಗಳು. ಗುಂಡಯ್ಯ ಹ್ಯಾಂಡಲ್ ಹಿಡಿದು ತಳ್ಳುತ್ತಿದ್ದ, ಅವಳು ಹಿಂದಿನಿಂದ ಕೈಕೊಟ್ಟು ದೂಡುತ್ತಿದ್ದಳು. ದೊಡ್ಡ ದಿಣ್ಣೆ ಹತ್ತಿರವಾದ ಹಾಗೆ ಅವಳು ರಸ್ತೆ ಬಿಟ್ಟು ಪಕ್ಕದ ಪೊದೆಗಳ ಕಡೆಗೇ ನೋಡತೊಡಗಿದಳು. ಆ ದಿಣ್ಣೆಯ ನೆತ್ತಿಗಿಂತ ಕೊಂಚ ಕೆಳಗಿನ ಮೋರಿ ಕಟ್ಟುವಾಗಲೇ ಅವಳ ಚೊಚ್ಚಲ ಮಗ, ಎಂಟು ತಿಂಗಳ ಕೂಸು, ಎರಡೇ ದಿನದ ಭೇದಿಗೆ ಹೋಗಿದ್ದು. ಅಲ್ಲೇ ಹಿಂದೆ ಮಣ್ಣು ಮಾಡಿದ್ದರು. ಮುಂದಿನ ವಾರ ಗುಡಿಸಲು ಕಿತ್ತುಕೊಂಡು ಮುಂದಕ್ಕೆ ಹೋಗಿದ್ದರು. ಒಂಬತ್ತು ವರ್ಷದಲ್ಲಿ ಗುಂಡಯ್ಯ ಒಂದು ಸಲವೂ ಆ ಮಗುವಿನ ಮಾತೆತ್ತಿರಲಿಲ್ಲ. ಮರೆತೇಬಿಟ್ಟ ಎಂದುಕೊಂಡಿದ್ದಳು ಮುದ್ದಮ್ಮ. ಆ ಸಿಟ್ಟು ಅವಳೊಳಗೆ ಗಟ್ಟಿಯಾಗಿ ಕೂತಿತ್ತು. ರಸ್ತೆ ನೋಡಬೇಕೆಂದು ಹೊರಟವಳಿಗೆ ನೋಡಬೇಕಾಗಿದ್ದದ್ದು ಇದೇ. ಆದರೆ ನಿಲ್ಲಿಸು ಎಂದು ಅವಳಾಗಿ ಕೇಳಲೊಲ್ಲಳು.

ಕೇಳಬೇಕಾಗಲಿಲ್ಲ. ಮೋರಿ ತಲುಪಿದ್ದೇ ಗುಂಡಯ್ಯ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. ಮೋರಿಯ ಪಕ್ಕದಲ್ಲಿ ಇಳಿದು, ಲಂಟಾನದ ಪೊದೆ ಬಳಸಿ ನೇರವಾಗಿ ನಡೆದ. ಆ ಕಾಲುದಾರಿ ಅವನಿಗೆ ಚೆನ್ನಾಗಿ ರೂಢಿಯಾದ ಹಾಗಿತ್ತು. ಹಿಂದೆಯೇ ಹೋದವಳ ಕಣ್ಣಿಗೆ ಬಿದ್ದದ್ದು ಎರಡಾಳೆತ್ತರದ ಒಂದು ಹೊಂಗೆಮರ. ಬುಡದ ಸುತ್ತ ಜಲ್ಲಿಕಲ್ಲು ಒಪ್ಪವಾಗಿ ಜೋಡಿಸಿತ್ತು. ಹುಲ್ಲು ಯಾರೋ ಈಚೆಗೆ ಕಿತ್ತಿದ್ದರು.

"ಯಾರು ನೆಟ್ಟಿದ್ದು ಇದ?"

"ನಾನೇ. ರಸ್ತೆ ಬದಿಗೆ ಅಂತ ಸಸಿ ಕೊಟ್ಟಿದ್ರಲ್ಲ ಆ ವರ್ಸ. ಅದ್ರಾಗೆ ಒಂದ ಇಲ್ಲಿಗೆ ತಂದೆ. ಈ ಕಡಿಕೆ ಕೆಲ್ಸ ಬಿದ್ದಾಗೆಲ್ಲ ಬಂದು ನೋಡ್ಕೊಂಡು ಓಗ್ತೀನಿ."

"ನಂಗ್ಯಾಕೆ ಯೋಳ್ನಿಲ್ಲ?"

ಗುಂಡಯ್ಯ ತಲೆಯ ಟವಲು ತೆಗೆದು ಮುಖ ಒರೆಸಿಕೊಂಡ. "ನೀನು ಅಳಾದ್ನ ನಿಲ್ಸೋ ಹೊತ್ಗೆ ಮುಂದಿನ ಯುಗಾದಿನೇ ಬಂದಿತ್ತು. ತಿರ್ಗಾ ಅಳುಸ್ಬೇಕಾ ಅಂತ ಸುಮ್ಕಾದೆ. ಆಮೇಕೆ ಎಂಗೆ ಸುರು ಮಾಡ್ಬೇಕು ಅಂತ ಗೊತ್ತಾಗ್ನಿಲ್ಲ."

ಮುದ್ದಮ್ಮ ಅತ್ತಳು. ಅವನು ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಗಂಟು ಬಿಚ್ಚಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತೆಗೆದಳು. ಮೊದಲ ತುಣುಕನ್ನು ಕಲ್ಲಿನ ಮೇಲಿಟ್ಟಳು.

"ಎರಡೇ ಅಲ್ಲು ಬಂದಿದ್ದೊ ಅವ್ನಿಗೆ," ಎಂದಳು.

"ಮೂರು," ಎಂದ ಗುಂಡಯ್ಯ. "ಮೇಲ್ಗಡೆ ಒಂದು ಸೀಳ್ತಾ ಇತ್ತು. ಬೆರಳಿಗೆ ತಾಕ್ತಾ ಇತ್ತು ಅಂತೀನಿ."

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಗಂಡನ ಬೆರಳುಗಳನ್ನೇ ನೋಡಿದಳು. ಮೂರನೆಯ ಹಲ್ಲಿನ ಸುದ್ದಿ ಅವಳಿಗೆ ಗೊತ್ತೇ ಇರಲಿಲ್ಲ. ಆಮೇಲೆ ಇಬ್ಬರೂ ಆ ಮಗುವಿನ ಮಾತನ್ನೇ ಆಡುತ್ತಾ ಉಂಡರು. ಅವನು ಅಂಬೆಗಾಲಿಕ್ಕಿ ಮರಳಿನ ಗುಡ್ಡೆ ಹತ್ತಿದ್ದು, ಮೇಸ್ತ್ರಿಯ ಪೇಟ ಎಳೆದದ್ದು, ಎಲ್ಲ ಬಂತು. ನೆರಳು ಮರದ ಇನ್ನೊಂದು ಬದಿಗೆ ಹೊರಳುವವರೆಗೂ ಅವರಿಗೆ ಏಳಲು ಮನಸ್ಸಾಗಲಿಲ್ಲ.

ದಿಣ್ಣೆಯ ಆಚೆಗೆ ಉದ್ದಕ್ಕೂ ಇಳಿಜಾರು. ಕರೀ ಟಾರು ಬಿಸಿಲಿಗೆ ಹೊಳೆಯುತ್ತಿತ್ತು. ಈ ಸಲ ಮುದ್ದಮ್ಮ ಗಂಡನ ಸೊಂಟ ಸುತ್ತಿ ಕೈ ಹಾಕಿದಳು. ಸೈಕಲ್ಲು ತಾನೇ ತಾನಾಗಿ ಓಡತೊಡಗಿತು. ಸೆರಗು ಪಟಪಟ ಹೊಡೆದುಕೊಂಡಿತು, ತುರುಬು ಬಿಚ್ಚಿತು. ಗುಂಡಯ್ಯ ಬ್ರೇಕಿಗೆ ಕೈ ಹಾಕಿದರೆ "ಬುಡು, ಬುಡು, ಓಗ್ಲಿ!" ಎಂದು ಕೂಗಿದಳು. ಎದುರಿಗೆ ಬರುತ್ತಿದ್ದ ಗಾಡಿಯವನು ಎತ್ತುಗಳನ್ನು ಪಕ್ಕಕ್ಕೆ ಹೊಡೆದುಕೊಂಡು ಬಾಯಿಗೆ ಬಂದಂತೆ ಬೈದ. ಮುದ್ದಮ್ಮನಿಗೆ ಅದು ಕೇಳಿಸಲೇ ಇಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅರಕಲಗೂಡು ಬಂತು. ಪೇಟೆಯಲ್ಲಿ ಹೂ ಕಟ್ಟುತ್ತಾ ಕೂತಿದ್ದ ಮುದುಕಿ ಸರಸಮ್ಮ ಇವರ ಧೂಳು ಮೈ ನೋಡಿ, "ಯಾರ ಮನೆಗೆ ಬಂದ್ರವ್ವ?" ಎಂದು ವಿಚಾರಿಸಿದಳು.

"ಯಾರ ಮನೆಗೂ ಇಲ್ಲ ಕಣಜ್ಜಿ. ಸುಮ್ಕೆ ಇಂಗೇ ಬಂದೊ, ಸೈಕಲ್ನಾಗೆ."

"ಸುಮ್ಕೆ ಬಂದ್ರಾ! ಅಷ್ಟು ದೂರ!" ಮುದುಕಿ ಬಾಯಿ ಮೇಲೆ ಕೈಯಿಟ್ಟುಕೊಂಡು, ಒಂದು ತುಂಡು ಕನಕಾಂಬರ ಹರಿದು ಅವಳ ಬಿಚ್ಚಿದ ತುರುಬಿಗೆ ತಾನೇ ಮುಡಿಸಿದಳು.

ವಾಪಸು ತುಳಿಯಲು ಗುಂಡಯ್ಯನ ಕಾಲಲ್ಲಿ ಕಸುವಿರಲಿಲ್ಲ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿದರು. ಬಸ್ಸು ಪೇಟೆ ದಾಟುವುದರೊಳಗೇ ಅವನು ಹೆಂಡತಿಯ ಹೆಗಲಿಗೆ ಒರಗಿ ಗೊರಕೆ ಹೊಡೆಯತೊಡಗಿದ. ಮುದ್ದಮ್ಮ ಅವನ ತಲೆ ಜಾರದಂತೆ ಅಂಗೈ ಆನಿಸಿ ಹಿಡಿದು ಕಿಟಕಿಯಾಚೆ ನೋಡುತ್ತಾ ಕೂತಳು. ಒಂದು ಕಡೆ ಬಸ್ಸು ದಡಬಡನೆ ಕುಲುಕಿ, ಗುಂಡಯ್ಯ ಕಣ್ಣು ಬಿಟ್ಟ.

"ಏನಾಯ್ತು?"

"ಏನಿಲ್ಲ, ಮನಿಕ್ಕ," ಎಂದಳು ಮುದ್ದಮ್ಮ. "ಈ ತುಂಡು ಕೆಂಚಯ್ಯನ ಗ್ಯಾಂಗಿನೋರು ಮಾಡಿದ್ದು. ನಮ್ದು ಮುಂದಿನ ಮೈಲಿಕಲ್ಲಿಂದ ಸುರು."