ಅಪ್ಪನ ತಂಡಕ್ಕೊಂದು ಹೊಸ ಹಾರ್ಡ್ ಡಿಸ್ಕ್

ಒಂದು ವಸ್ತು ಕೊಳ್ಳುವುದೆಂದರೆ ನನಗೆ ದೊಡ್ಡ ಫಜೀತಿ. ಕುಕ್ಕರಿನ ಗ್ಯಾಸ್ಕೆಟ್ ತರಲು ಹೋದವಳು ಮೂರು ಅಂಗಡಿ ಸುತ್ತಿ, ಮೂರು ಕಡೆಯೂ ಕೇಳಿದ್ದನ್ನೇ ಕೇಳಿ, ಬರಿಗೈಯಲ್ಲಿ ಮನೆಗೆ ಬಂದದ್ದುಂಟು. "ನೀನು ಬೇಳೆ ಆರಿಸೋಕೆ ಕೂತ್ರೆ ನಾವು ಉಪ್ಪಿನಕಾಯಲ್ಲೇ ಊಟ ಮುಗಿಸ್ಬೇಕು" ಎಂದು ಅಮ್ಮ ಹಂಗಿಸುತ್ತಿದ್ದರು. ಇದು ನನ್ನ ಜಾಣತನ ಎಂದೇ ಬಹಳ ವರ್ಷ ನಂಬಿದ್ದೆ. ಆ ನಂಬಿಕೆ ಕಳಚಿಬಿದ್ದದ್ದು ಒಂದು ದಸರೆಯಲ್ಲಿ, ಹಳೆಯ ಗೇಮ್ ಕನ್ಸೋಲ್ ಒಂದಕ್ಕೆ ಹಾರ್ಡ್ ಡಿಸ್ಕ್ ಹುಡುಕಿದಾಗ.

ಆ ಕನ್ಸೋಲನ್ನು ಕೊಂಡವಳು ನಾನೇ. ಹೆಬ್ಬಾಳದ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿದ ವರ್ಷ ಆಸೆಪಟ್ಟು ತಂದು, ಟಿವಿಗೆ ಜೋಡಿಸಿ ಒಂದಷ್ಟು ತಿಂಗಳು ಆಡಿ, ಬೇಸರ ಬಂದು ಟಿವಿಯ ಕೆಳಗೆ ಮೂಲೆಗಿಟ್ಟಿದ್ದೆ. ಯಶವಂತಪುರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪ ನಿವೃತ್ತರಾದ ಮೇಲೆ ಅದು ಅವರ ಪಾಲಾಯಿತು. ಅಪ್ಪನಿಗೆ ಬೇಕಾಗಿದ್ದದ್ದು ಒಂದೇ ಆಟ, ಕ್ರಿಕೆಟ್. ಅದರಲ್ಲಿ ನಮಗೆ ಬೇಕಾದ ಹೆಸರುಗಳನ್ನು ಹಾಕಿ ನಮ್ಮದೇ ತಂಡ ಕಟ್ಟಬಹುದು ಎಂದು ತೋರಿಸಿಕೊಟ್ಟಿದ್ದೆ. ಎರಡು ದಿನ ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಹನ್ನೊಂದು ಹೆಸರು ತುಂಬಿಸಿದರು. ಅವರೆಲ್ಲ ಅಪ್ಪನ ಹರೆಯದ ಜಕ್ಕೂರಿನ ತಂಡದವರು. ಹಾಲು ಹಾಕುತ್ತಿದ್ದವರು, ಪೋಸ್ಟ್ ಆಫೀಸಿನವರು, ಅಪ್ಪನ ಜೊತೆಗೇ ಕಾರ್ಖಾನೆ ಸೇರಿದವರು. ಚೆಂಡು ಏರೋಡ್ರಮ್ಮಿನ ತಂತಿ ಬೇಲಿ ದಾಟಿದರೆ ಅವತ್ತಿನ ಆಟ ಮುಗಿಯಿತು ಎಂದುಕೊಂಡು ಮನೆಗೆ ಹೋಗುತ್ತಿದ್ದ ಕಾಲದವರು.

ಅವರಲ್ಲಿ ವಿಕೆಟ್ ಕೀಪರ್ ಆಗಿದ್ದವರು ಅಪ್ಪನ ಜೀವದ ಗೆಳೆಯ. ನನಗೆ ಚಿಕ್ಕಂದಿನಿಂದಲೂ ಅವರು ಕೀಪರ್ ಮಾಮ. ಅಟ್ಟೂರಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಸಹಕಾರನಗರದ ನಮ್ಮ ಮನೆಗೆ ಬರುತ್ತಿದ್ದರು. ಸರಿಯಾದ ಗ್ಲೌಸ್ ಇಲ್ಲದೆ ಚೆಂಡು ಹಿಡಿದೂ ಹಿಡಿದೂ ಅವರ ಬೆರಳುಗಳು ಸೊಟ್ಟಗಾಗಿದ್ದವು, ಕಂಟ್ರೋಲರಿನ ಗುಂಡಿ ಒತ್ತಲು ಬಗ್ಗುತ್ತಿರಲಿಲ್ಲ. ಹಾಗಾಗಿ ಅವರ ಪಾಲಿನ ಬ್ಯಾಟಿಂಗನ್ನೂ ಅಪ್ಪನೇ ಮಾಡಬೇಕಿತ್ತು. ಮಾಮ ಪಕ್ಕದಲ್ಲಿ ಕೂತು ಅಪ್ಪಣೆ ಕೊಡುತ್ತಿದ್ದರು. "ಲೇ, ನನ್ ಕೈಲಿ ಯಾಕ್ಲಾ ಅಂಗ್ ಓಡಿಸ್ತೀಯ? ನಾನ್ ಯಾವತ್ ಅಂಗ್ ಓಡಿದ್ದೆ?" ಎಂದು ರೇಗುತ್ತಿದ್ದರು. ಅವರಿಬ್ಬರ ಜಗಳ ಕೇಳಿ ಪಕ್ಕದ ಮನೆಯವರು ಒಮ್ಮೆ ಏನಾಯಿತೆಂದು ವಿಚಾರಿಸಿಕೊಂಡು ಹೋಗಿದ್ದರು.

ಒಂದು ಭಾನುವಾರ ಟಿವಿಯಲ್ಲಿ ಮಾಮ ತೊಂಬತ್ತಮೂರು ಹೊಡೆದಿದ್ದರು. ನಿಜದ ಬದುಕಿನಲ್ಲಿ ನಲವತ್ತು ದಾಟದ ಮನುಷ್ಯ. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. "ನಿಲ್ಸು ಇಲ್ಲಿಗೆ. ಮುಂದಿನ್ ವಾರ ಬಂದು ನೂರು ಒಡೀತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅಪ್ಪ ಆ ಪಂದ್ಯವನ್ನು ಹಾಗೇ ಸೇವ್ ಮಾಡಿಟ್ಟರು. ನಾಲ್ಕು ದಿನಕ್ಕೆ ಮಾಮ ತೀರಿಕೊಂಡರು, ಹೃದಯಾಘಾತ. ಅಪ್ಪ ಮಣ್ಣು ಮುಗಿಸಿ ಬಂದು, ಸ್ನಾನ ಮಾಡಿ ಮಲಗಿದರು.

ಆಮೇಲಿನ ಎರಡು ವರ್ಷ ಅಪ್ಪ ಅದೇ ತಂಡದೊಂದಿಗೆ ಬೇರೆ ಬೇರೆ ಪಂದ್ಯ ಆಡಿದರು. ತೊಂಬತ್ತಮೂರರಲ್ಲಿ ನಿಂತ ಪಂದ್ಯವನ್ನು ಮಾತ್ರ ಮುಟ್ಟಲಿಲ್ಲ. ಆಗಾಗ ಅದನ್ನು ತೆರೆದು, ಸ್ಕೋರು ನೋಡಿ, ಹಾಗೇ ಮುಚ್ಚುತ್ತಿದ್ದರು. ಮುಗಿಸಬಾರದೇ ಎಂದು ನಾನೊಮ್ಮೆ ಕೇಳಿದ್ದಕ್ಕೆ "ಅವ್ನು ಬರ್ಲಿ" ಅಂದರು. ತಮಾಷೆಗೆ ಹೇಳಿದರು ಎಂದುಕೊಂಡು ನಕ್ಕಿದ್ದೆ. ಅವರು ನಗಲಿಲ್ಲ.

ಆ ವರ್ಷ ಗಣೇಶ ಹಬ್ಬ ಕಳೆದ ಮೇಲೆ ಕನ್ಸೋಲ್ ಟಕ್ ಟಕ್ ಎನ್ನತೊಡಗಿತು. ಬೌಲರ್ ಓಡಿಬಂದು ಗಾಳಿಯಲ್ಲಿ ಕೈ ಎತ್ತಿದವನು ಹಾಗೇ ನಿಂತುಬಿಡುತ್ತಿದ್ದ. ಅಪ್ಪ ಕಂಟ್ರೋಲರ್ ಕೆಳಗಿಟ್ಟು "ಮಳೆ ಬಂತು" ಎನ್ನುತ್ತಿದ್ದರು. ಒಂದೆರಡು ನಿಮಿಷಕ್ಕೆ ಬೌಲರ್‌ಗೆ ಮತ್ತೆ ಜೀವ ಬರುತ್ತಿತ್ತು. ಒಳಗಿನ ಹಾರ್ಡ್ ಡಿಸ್ಕ್ ಸಾಯುತ್ತಿದೆ ಎಂದು ನನಗೆ ಗೊತ್ತಾಯಿತು. ಮೊದಲು ಪೆನ್ ಡ್ರೈವ್ ಹಾಕಿ, ಅದರಲ್ಲಿದ್ದ ಅಪ್ಪನ ತಂಡವನ್ನೂ ಆ ನಿಂತ ಪಂದ್ಯವನ್ನೂ ನಕಲು ಮಾಡಿಕೊಳ್ಳಲು ನೋಡಿದೆ. ಬೇರೆ ಆಟಗಳ ಫೈಲುಗಳೆಲ್ಲ ಬಂದವು, ಈ ಕ್ರಿಕೆಟ್ಟಿನ ಫೈಲು ಮಾತ್ರ ನಕಲಾಗುವುದಿಲ್ಲ ಎಂದಿತು. ಇಡೀ ಡಿಸ್ಕನ್ನೇ ಒಟ್ಟಿಗೆ ಬ್ಯಾಕಪ್ ತೆಗೆದು, ಹೊಸ ಡಿಸ್ಕ್ ಕೂರಿಸಿ, ಮತ್ತೆ ಅದಕ್ಕೆ ತುಂಬಬೇಕು. ಬೇರೆ ದಾರಿ ಇರಲಿಲ್ಲ. "ಹೊಸ ಡಿಸ್ಕ್ ತರ್ತೀನಿ, ಎಲ್ಲಾ ಒಂದೇ ಸಲ ಮಾಡೋಣ" ಎಂದು ಅಪ್ಪನಿಗೆ ಮಾತು ಕೊಟ್ಟೆ.

ಅಲ್ಲಿಂದ ಶುರುವಾಯಿತು ನನ್ನ ಆರಿಸುವ ಕೆಲಸ. ಆರ್.ಟಿ. ನಗರದ ಅಂಗಡಿಯವನು ಎಸ್‌ಎಸ್‌ಡಿ ಹಾಕಿಸಿ, ಅದರಲ್ಲಿ ತಿರುಗುವ ಭಾಗವೇ ಇಲ್ಲ, ಕೆಡುವುದಿಲ್ಲ ಎಂದ. ಮನೆಗೆ ಬಂದು ಇಂಟರ್ನೆಟ್ಟಿನಲ್ಲಿ ಓದಿದರೆ, ಇಷ್ಟು ಹಳೆಯ ಯಂತ್ರಕ್ಕೆ ಅದು ದಂಡ, ಆ ವೇಗ ಅದಕ್ಕೆ ದಕ್ಕುವುದಿಲ್ಲ ಎಂದು ಯಾರೋ ಬರೆದಿದ್ದರು. ಇನ್ನೊಬ್ಬರು ವೇಗವಾಗಿ ತಿರುಗುವ ಡಿಸ್ಕ್ ಒಳ್ಳೆಯದು ಎಂದರೆ, ಮತ್ತೊಬ್ಬರು ಅದು ಬಿಸಿಯಾಗುತ್ತದೆ ಎಂದಿದ್ದರು. ನಮ್ಮ ಕನ್ಸೋಲಿನ ಮೇಲೆ ಅಮ್ಮ ಹೆಣೆದ ಕ್ರೋಶೆ ಬಟ್ಟೆ ಬೇರೆ ಹೊದಿಸಿತ್ತು. ದಪ್ಪದ ಡಿಸ್ಕ್ ಆದರೆ ಕನ್ಸೋಲಿನ ಒಳಗೆ ಅದಕ್ಕೆಂದು ಇರುವ ತಟ್ಟೆಯಲ್ಲಿ ಕೂರುವುದಿಲ್ಲ. ಐನೂರು ಜಿಬಿ ಸಾಕೋ, ಒಂದು ಟಿಬಿ ಬೇಕೋ? ಒಂದೇ ಒಂದು ಕ್ರಿಕೆಟ್ ಆಡುವ ಅಪ್ಪನಿಗೆ ಇದ್ದ ಎಂಬತ್ತು ಜಿಬಿಯೇ ಧಾರಾಳವಾಗಿತ್ತು, ಆದರೂ ನಾನು ನೋಟ್ ಬುಕ್ಕಿನಲ್ಲಿ ಗೆರೆ ಎಳೆದು ಒಂದೊಂದರ ಗುಣದೋಷ ಬರೆಯುತ್ತಾ ಕೂತೆ. ಹನ್ನೊಂದು ದಿನ ಹೀಗೇ ಕಳೆಯಿತು.

"ಯಾವ್ದಾದ್ರೂ ಒಂದ್ ತಗೊಂಡ್ ಬಾ ಕಣಮ್ಮ. ಅದೇನು ಗಂಡು ನೋಡ್ತಿದೀಯಾ?" ಎಂದರು ಅಪ್ಪ. ಮೂವತ್ತೊಂದು ದಾಟಿ ಮದುವೆಯಾಗದಿದ್ದ ನನಗೆ ಆ ವಿಷಯ ಎತ್ತಿದರೆ ಮೈಯೆಲ್ಲ ಉರಿಯುತ್ತಿತ್ತು. ಅವತ್ತು ಅವರೊಡನೆ ಮಾತು ಬಿಟ್ಟೆ. ಮಾರನೆಯ ದಿನ ಅದೇ ಸಿಟ್ಟಿನಲ್ಲಿ ಯಲಹಂಕ ನ್ಯೂಟೌನಿನ ಒಂದು ರಿಪೇರಿ ಅಂಗಡಿಗೆ ಹೋದೆ.

ಅಂಗಡಿಯವರು ನನ್ನ ನೋಟ್ ಬುಕ್ಕನ್ನು ಪೂರ್ತಿ ನೋಡಿ, ಮುಚ್ಚಿ ವಾಪಸ್ ಕೊಟ್ಟರು. "ಇದಕ್ಕೆ ಮಾಮೂಲಿ ಲ್ಯಾಪ್‌ಟಾಪ್ ಡಿಸ್ಕ್ ಸಾಕು ಮೇಡಂ, ಯಾವ್ದಾದ್ರೂ ನಡೆಯುತ್ತೆ. ನೀವು ಹೊಸದರ ಚಿಂತೆ ಮಾಡ್ತಾ ಇದೀರ. ಚಿಂತೆ ಮಾಡ್ಬೇಕಿದ್ದು ಹಳೇದರದ್ದು ಕಣ್ರೀ. ಮನೆಗೆ ಹೋದ ತಕ್ಷಣ ಬ್ಯಾಕಪ್ ಹಾಕಿ. ಮುಗಿಯೋವರೆಗೂ ಆಫ್ ಮಾಡ್ಬೇಡಿ. ಒಂದ್ಸಲ ತಣ್ಣಗಾದ್ರೆ ಮತ್ತೆ ತಿರುಗುತ್ತೋ ಇಲ್ವೋ ಹೇಳಕ್ಕಾಗಲ್ಲ" ಎಂದರು. ಅವರು ಕೊಟ್ಟ ಡಿಸ್ಕನ್ನೇ ತೆಗೆದುಕೊಂಡೆ. ಕೊನೆಗೂ ಒಂದು ತೀರ್ಮಾನವಾಯಿತಲ್ಲ ಎಂದು ಎಷ್ಟು ಹಗುರಾಯಿತೆಂದರೆ, ಬಸ್ ಸ್ಟಾಪಿನಲ್ಲಿ ನಿಂತು ಕಡಲೆಕಾಯಿ ಕೊಂಡು ತಿಂದೆ.

ಮಾರನೆಯ ದಿನ ಆಯುಧಪೂಜೆ. ನಾನು ಮನೆ ಸೇರುವಾಗ ಅಮ್ಮ ಮಿಕ್ಸಿ, ಹೊಲಿಗೆ ಯಂತ್ರ, ಅಪ್ಪನ ಸ್ಪ್ಯಾನರುಗಳನ್ನೆಲ್ಲ ಒರೆಸಿ ಸಾಲಾಗಿ ಜೋಡಿಸುತ್ತಿದ್ದರು. ನಮ್ಮಲ್ಲಿ ಪೂಜೆಗಿಟ್ಟ ವಸ್ತುವನ್ನು ವಿಜಯದಶಮಿಯವರೆಗೆ ಮುಟ್ಟುವುದಿಲ್ಲ. ಅಪ್ಪನ ಕಾರ್ಖಾನೆಯಲ್ಲೂ ಅವತ್ತು ಯಂತ್ರಗಳಿಗೆ ರಜೆ ಇರುತ್ತಿತ್ತು. ಕನ್ಸೋಲ್ ಇನ್ನೂ ಟಿವಿಯ ಕೆಳಗೆ ಗುಯ್ ಎನ್ನುತ್ತಿತ್ತು. "ಅದುನ್ನ ಬಿಡಣ, ನಡೀತಾ ಇರ್ಲಿ" ಅಂದರು ಅಪ್ಪ. ಅಮ್ಮನೂ ಹೂಂ ಅಂದರು.

ಬೇಡ ಎಂದವಳು ನಾನು. ದೇವರು ದಿಂಡರು ಎಂದರೆ ಮೂಗು ಮುರಿಯುವ ನಾನೇ, ಹೊಸ ವಸ್ತು ತಂದಿದ್ದೇನೆ, ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಪೂಜೆಗಿಡೋಣ, ವಿಜಯದಶಮಿಯ ದಿನ ಬ್ಯಾಕಪ್ ಶುರು ಮಾಡೋಣ, ಒಳ್ಳೆಯ ದಿನ ಎಂದೆ. ನಂಬಿ ಹೇಳಿದೆನೇ? ಇಲ್ಲ. ಕೆಲಸ ಕೈಗೆತ್ತಿಕೊಂಡು ಏನಾದರೂ ತಪ್ಪಾದರೆ ಎಂಬ ಹೆದರಿಕೆ ಇತ್ತು, ಅದನ್ನು ಎರಡು ದಿನ ಮುಂದೂಡಲು ಹಬ್ಬ ಒಂದು ನೆಪವಾಯಿತು. ಅಂಗಡಿಯವರ ಮಾತು ಕಿವಿಯಲ್ಲಿತ್ತು. ಆದರೂ ನನ್ನ ಕೈಯಾರೆ ಸ್ವಿಚ್ ಆಫ್ ಮಾಡಿದೆ. ಅಮ್ಮ ಕನ್ಸೋಲಿಗೆ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಇಟ್ಟರು.

ವಿಜಯದಶಮಿಯ ಬೆಳಿಗ್ಗೆ ಹೂ ತೆಗೆದು ಸ್ವಿಚ್ ಹಾಕಿದೆ. ದೀಪ ಹತ್ತಿತು. ಒಳಗಿಂದ ನಾಲ್ಕು ಸಲ ಟಕ್ ಎಂಬ ಸದ್ದು ಬಂತು, ಆಮೇಲೆ ಅದೂ ಇಲ್ಲ. ಪರದೆಯ ಮೇಲೆ ಏನೂ ಬರಲಿಲ್ಲ. ಹತ್ತು ಸಲ ಪ್ರಯತ್ನಿಸಿದೆ. ಯಲಹಂಕಕ್ಕೆ ಒಯ್ದೆ. ಅಂಗಡಿಯವರು ಅದನ್ನು ಕಿವಿಗೆ ಹಿಡಿದು ಕೇಳಿ, ಬೈಯದೆ, ಇನ್ನು ಆಗದು ಎಂದು ತಲೆಯಾಡಿಸಿದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಅಪ್ಪನಿಗೆ ನೇರವಾಗಿ ಹೇಳಿದೆ. "ಅಪ್ಪಾ, ಹೋಯ್ತು. ಎಲ್ಲಾ ಹೋಯ್ತು. ಹನ್ನೊಂದು ದಿನ ಸುಮ್ನೆ ಕಳೆದೆ, ಆಫ್ ಮಾಡ್ಬೇಡಿ ಅಂದಿದ್ರೂ ಆಫ್ ಮಾಡ್ದೆ. ತಪ್ಪು ನಂದೇ." ಅಪ್ಪ "ಊಂ" ಅಂದರು. ಅಂಗಿ ಹಾಕಿಕೊಂಡು ಹೊರಗೆ ಹೋದವರು ಮಧ್ಯಾಹ್ನಕ್ಕೆ ಬಂದರು. ಜಕ್ಕೂರು ಕೆರೆ ಏರಿಯ ಮೇಲೆ ಕೂತಿದ್ದರು ಎಂದು ಆಮೇಲೆ ತಿಳಿಯಿತು. ಮೂರು ದಿನ ಅವರು ಟಿವಿ ಹಾಕಲಿಲ್ಲ. ಇನ್ನೊಬ್ಬರ ಅಮೂಲ್ಯವಾದದ್ದನ್ನು ನನ್ನ ಹುಳುಕು ಸ್ವಭಾವಕ್ಕೆ ಬಲಿ ಕೊಟ್ಟೆನಲ್ಲ ಎಂದು ನಾಚಿಕೆಯಾಯಿತು. ಕುಂಕುಮ ಮೆತ್ತಿದ ಹೊಸ ಡಿಸ್ಕ್ ದೇವರ ಮುಂದೆಯೇ ಬಿದ್ದಿತ್ತು.

ನಾಲ್ಕನೆಯ ದಿನ ಭಾನುವಾರ. ಬೆಳಿಗ್ಗೆ ಕಾಫಿ ಕುಡಿದು ಅಪ್ಪ "ಆ ಒಸ ಡಿಸ್ಕ್ ಆಕ್ಕೊಡು" ಎಂದರು. ತಟ್ಟೆ ಎಳೆದು, ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಒಂದು ಗಂಟೆಯಲ್ಲಿ ಆಟ ಸಿದ್ಧವಾಯಿತು. ತಂಡದ ಪಟ್ಟಿ ಖಾಲಿ. ನಾನು ಕಂಟ್ರೋಲರ್ ಹಿಡಿದೆ, ಅಪ್ಪ ಒಂದೊಂದೇ ಹೆಸರು ಹೇಳುತ್ತಾ ಹೋದರು. ಯಾರು ಎಡಗೈಯವರು, ಯಾರು ಓಡಲಾರರು, ಯಾರು ಸಿಟ್ಟಿಗೆದ್ದರೆ ಸಿಕ್ಸರ್ ಹೊಡೆಯುತ್ತಾರೆ ಎಂಬುದನ್ನೂ ಹೇಳಿದರು. ಹತ್ತು ಹೆಸರು ಮುಗಿಯಿತು. ಉಳಿದದ್ದು ವಿಕೆಟ್ ಕೀಪರನ ಜಾಗ.

"ಮಾಮನ ಹೆಸರು ಬರೀಲಾ?" ಎಂದೆ.

ಅಪ್ಪ ತಲೆಯಾಡಿಸಿದರು. "ಬ್ಯಾಡ. ಅವ್ನು ಓಗ್ಬಿಟ್ಟ ಕಣಮ್ಮ."

ಎರಡು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಂಡರು. ನಾನೂ ಅತ್ತೆ. ಅಡುಗೆಮನೆಯಿಂದ ಅಮ್ಮ ಇಣುಕಿ ನೋಡಿ ಹಾಗೇ ಒಳಗೆ ಹೋದರು. ಅಪ್ಪ ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು.

"ಕೀಪಿಂಗಿಗೆ ನಿನ್ ಎಸ್ರು ಆಕು."

"ನಂದಾ?"

"ಊಂ, ನಿಂದೇ. ಆದ್ರೆ ಬಾಲ್ ಬಂದಾಗ ತಕ್ಷಣ ಇಡೀಬೇಕು. ನೋಡಣ, ಯೋಚ್ನೆ ಮಾಡಣ ಅಂತ ನಿಂತ್ಕೊಂಡ್ರೆ ನಡಿಯಲ್ಲ."

ಮೂರು ದಿನ ನಾನು ಕಾಯುತ್ತಿದ್ದ ಬೈಗುಳ ಅದೇ ಎಂದು ತಿಳಿಯಿತು. ಏನೂ ಯೋಚಿಸದೆ ನನ್ನ ಹೆಸರು ಬರೆದು, ಕಂಟ್ರೋಲರನ್ನು ಅಪ್ಪನ ಕೈಗೆ ಕೊಟ್ಟೆ.