ಕೋಡಕ್ಕ ಒತ್ತಿದ ಮೊಹರು

ನಮ್ಮ ಸಗಟು ಕಂಪನಿಯಲ್ಲಿ ಅವಳನ್ನು ಎಲ್ಲರೂ ಕೋಡಕ್ಕ ಅಂತಲೇ ಕರೆಯುತ್ತಿದ್ದೆವು. ಹೊಸ ಸಾಫ್ಟ್‌ವೇರ್ ಬಂದಾಗ ಮೂರು ಸಾವಿರ ಗಿರಾಕಿ ಅಂಗಡಿಗಳಿಗೆ ಉದ್ಯಮದ ಕೋಡ್ ಹಾಕುವ ಕೆಲಸ ಅವಳ ತಲೆಗೆ ಬಿತ್ತು. ಬೇಕರಿಗೊಂದು ನಂಬರು, ಕ್ಷೌರದಂಗಡಿಗೊಂದು, ಯಾವುದಕ್ಕೂ ಸೇರದವರಿಗೆ ‘ಇತರೆ’. ಅಂಗಡಿಯಲ್ಲಿ ಯಾವುದು ಹೆಚ್ಚು ನಡೆಯುತ್ತದೋ ಅದರದೇ ಕೋಡ್ ಎಂಬುದು ನಿಯಮ. ಬದಲಾಯಿಸಬೇಕಾದರೆ ಮಾಲೀಕರ ಸಹಿ ಇರುವ ಅರ್ಜಿ ಬೇಕು, ಅದು ಅವಳೇ ಮಾಡಿಸಿದ ನಿಯಮ. ಯಾರು ಗೋಗರೆದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಪಕ್ಕದ ಮೇಜಿನವನಾದ ನನಗೆ ಎಷ್ಟೋ ಸಲ ಮೈ ಉರಿಯುತ್ತಿತ್ತು.

ಅವಳಪ್ಪನೂ ನಮ್ಮ ಗಿರಾಕಿ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಗಡಿಯಾರ ತರುವವರು ಕಡಿಮೆಯಾದ ಮೇಲೆ ಹೊಟ್ಟೆಪಾಡಿಗೆ ಫೋನಿನ ಕವರುಗಳನ್ನು ನೇತುಹಾಕಿದ್ದರು. ಮಗಳು ಹಾಕಿದ ಕೋಡ್: ಫೋನ್ ಬಿಡಿಸಾಮಾನು ಮಾರಾಟ. ಬಿಲ್ಲಿನ ಮೇಲೆ ಅದನ್ನು ಓದಿ ಸೀದಾ ಆಫೀಸಿಗೇ ಬಂದರು.

“ನಾನು ಕವರ್ ಮಾರೋನಾ, ಮಗಳೇ?”

“ಅಪ್ಪಾ, ನಿನಗೊಂದು ನ್ಯಾಯ, ಬೇರೆಯವರಿಗೊಂದು ನ್ಯಾಯ ಮಾಡಕ್ಕಾಗುತ್ತಾ?”

“ಅದೂ ಸರಿ ಬಿಡು,” ಅಂದರು. ಮುಖ ಮಾತ್ರ ಇಷ್ಟು ಸಣ್ಣಗಾಗಿತ್ತು.

ನಾಲ್ಕು ತಿಂಗಳಿಗೆ ಎದೆನೋವು ಅಂದವರು ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟರು.

ರಜೆ ಮುಗಿಸಿ ಬಂದ ಕೋಡಕ್ಕ ಮೊದಲು ತೆರೆದದ್ದು ಅಪ್ಪನ ಖಾತೆಯನ್ನೇ. “ಇದೊಂದು ಸಲ ನಿಯಮ ಹಾಳಾಗಿ ಹೋಗ್ಲಿ ಕಣೋ. ಅವರ ಅಂಗಡಿ ಮುಚ್ಚೋದಾದ್ರೂ ಗಡಿಯಾರದ ಅಂಗಡಿ ಅಂತಲೇ ಮುಚ್ಚಲಿ,” ಅಂದಳು. ಸಾಫ್ಟ್‌ವೇರ್ ಅರ್ಜಿಯ ನಂಬರು ಕೇಳಿತು. ಹಳೇ ಕಾಗದ ಏನಾದರೂ ಇದೆಯಾ ನೋಡಲು ಫೈಲು ತರಿಸಿದಳು.

ಅರ್ಜಿ ಇತ್ತು. ಅವತ್ತು ಬಂದುಹೋದ ಮರುವಾರವೇ ಅಪ್ಪ ಎಲ್ಲರ ಹಾಗೆ ಟೋಕನ್ ತಗೊಂಡು, ಸರದಿಯಲ್ಲಿ ನಿಂತು, ಕೆಳಗಿನ ಕೌಂಟರಿನಲ್ಲಿ ಕೊಟ್ಟುಹೋಗಿದ್ದರು. ಮುಖ್ಯ ಕಸುಬು: ಗಡಿಯಾರ ರಿಪೇರಿ. ಕಾರಣ: ‘ನನಗೆ ಬರುವುದು ಇದೊಂದೇ ಕೆಲಸ.’ ಅದರ ಮೇಲೇ ‘ತಿರಸ್ಕೃತ’ ಅಂತ ಕೆಂಪು ಮೊಹರು, ಪಕ್ಕದಲ್ಲಿ ಕೋಡಕ್ಕನ ಸಹಿ.

“ಹೆಸರೇ ನೋಡಲಿಲ್ಲ ಕಣೋ. ಮಾರಾಟದ ಲೆಕ್ಕದಲ್ಲಿ ಕವರೇ ಜಾಸ್ತಿ ಇದ್ದದ್ದು ನೋಡಿ ಒತ್ತಿಬಿಟ್ಟೆ.”

ತಿರಸ್ಕೃತವಾದ ಅರ್ಜಿಯ ಪ್ರತಿ, ಮೊಹರು ಸಹಿ ಸಮೇತ, ಮಾಲೀಕರ ಮನೆಗೇ ಅಂಚೆಯಲ್ಲಿ ಹೋಗುತ್ತದೆ.

“ಕಾಗದ ಬಂದಿರುತ್ತೆ. ನನ್ನ ಸಹೀನೂ ನೋಡಿರ್ತಾರೆ,” ಅಂದಳು. “ದಿನಾ ರಾತ್ರಿ ಎದುರಿಗೇ ಕೂತು ಊಟ ಮಾಡ್ತಿದ್ರು. ಒಂದು ಮಾತು ಕೇಳಲಿಲ್ಲ.”