ಮೊದಲ ಸೈಡಿನ ಕೊನೆಗೆ ಒಂದು ಕವ್ವಾಲಿ

ಕ್ಯಾಸೆಟ್ಟಿನ ಕಾಲ ಮುಗಿದ ಮೇಲೆ ಎಷ್ಟೋ ವರ್ಷ ಹುಡುಕಿದ ಆ ಇಂಗ್ಲಿಷ್ ರಾಕ್ ಆಲ್ಬಂ ಮೊಬೈಲಿನಲ್ಲಿ ಸಿಕ್ಕ ದಿನ ನಾನು ಕುಣಿಯಬೇಕಿತ್ತು. ಸಿಟ್ಟು ಬಂತು. ನಾಲ್ಕನೇ ಹಾಡಿನ ಗಿಟಾರು ನಿಂತ ಕೂಡಲೇ ಐದನೆಯದು ಶುರುವಾಗಿಬಿಟ್ಟಿತು. ನಡುವೆ ಕವ್ವಾಲಿ ಬರಬೇಕಲ್ಲ, ಎಲ್ಲಿ ಹೋಯಿತು?

ಮೂವತ್ತು ವರ್ಷದ ಹಿಂದೆ ಸುರಪುರದಿಂದ ಬಸ್ಸು ಹತ್ತಿ ಶಹಾಪುರಕ್ಕೆ ಹೋಗಿ, ರೆಕಾರ್ಡಿಂಗ್ ಅಂಗಡಿಯಲ್ಲಿ ಆ ಆಲ್ಬಂ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದಿದ್ದೆ. ಅಂಗಡಿಯವನು ಹೈದರಾಬಾದಿನಿಂದ ಅಸಲಿ ಕ್ಯಾಸೆಟ್ ತಂದಿಟ್ಟಿದ್ದ. ಅದನ್ನು ಕೇಳಿದ ಗಿರಾಕಿ ನಾನೊಬ್ಬನೇ. ರೀಲು ಉಳಿದರೆ ಖಾಲಿ ಬಿಡುವುದು ಗಿರಾಕಿಗೆ ಮಾಡುವ ಮೋಸ ಎಂದು ಅವನ ನಂಬಿಕೆ. ಉಳಿದ ಜಾಗಕ್ಕೆ ತನಗೆ ತೋಚಿದ್ದನ್ನು ತುಂಬುತ್ತಿದ್ದ. ನನ್ನ ಕ್ಯಾಸೆಟ್ಟಿನ ಮೊದಲ ಸೈಡಿನ ಕೊನೆಗೆ ಯಾರೋ ಮುದುಕನ ಕವ್ವಾಲಿ ಸೇರಿಸಿದ್ದ. ಡ್ರಮ್ಮು ಗಿಟಾರು ಅಬ್ಬರಿಸಿ ನಿಂತ ಮೇಲೆ ಒಂದು ಕೆಮ್ಮು, ಆಮೇಲೆ ಹಾರ್ಮೋನಿಯಂ.

ಮೈಯೆಲ್ಲ ಉರಿದುಹೋಯಿತು. ಜಗಳಕ್ಕೆ ಹೋದರೆ, "ಖಾಲಿ ಯಾಕ ಬಿಡಬೇಕ್ರಿ? ಪುಕ್ಕಟ ಕೊಟ್ಟೀನಲ್ಲ, ಕೇಳ್ರಿ" ಅಂದ. ಎರಡು ವರ್ಷ ಬೈಯುತ್ತಲೇ ಕೇಳಿದೆ. ಕೊನೆಗೆ ಯಾದಗಿರಿಯ ಇನ್ನೊಂದು ಅಂಗಡಿಯಲ್ಲಿ ಕವ್ವಾಲಿಯ ಮೇಲೆ ಬೇರೆ ಇಂಗ್ಲಿಷ್ ಹಾಡು ತುಂಬಿಸಿ, ದೊಡ್ಡ ಶೂರನ ಹಾಗೆ ಮನೆಗೆ ಬಂದೆ.

ಈಗ ನೋಡಿ ನನ್ನ ಗತಿ. ಗಿಟಾರು ನಿಂತರೆ ಕಿವಿ ಆ ಕೆಮ್ಮಿಗೇ ಕಾಯುತ್ತದೆ. ಅದಿಲ್ಲದ ಈ ಆಲ್ಬಂ ಬೇರೆ ಯಾರದೋ, ನನ್ನದಲ್ಲ. ಕೈಯಾರೆ ಕೆಡಿಸಿಕೊಂಡ ಮೇಲೆ ಯಾರನ್ನು ಬೈಯಲಿ?

ಒಂದು ಸಲವಾದರೂ ಮೊದಲಿನ ಹಾಗೇ ಕೇಳಬೇಕೆಂದು ಕಳೆದ ವಾರ ಶಹಾಪುರಕ್ಕೆ ಹೋದೆ. ಆ ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ. ಅವನೇ ಕೂತಿದ್ದ, ಗಡ್ಡ ಬೆಳ್ಳಗಾಗಿದೆ. ಕೆಮ್ಮಿನಿಂದ ಶುರುವಾಗುವ ಕವ್ವಾಲಿ ಎಂದದ್ದೇ ತಡ, ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಅದು ನಮ್ಮ ಅಬ್ಬಾ, ನಮ್ಮಪ್ಪ ಹಾಡಿದ್ದು ರೀ, ಗೋಗಿ ದರ್ಗಾದಾಗ. ನನ್ನ ಕಡೆ ಇದ್ದ ರೀಲು ಮಶೀನಿನ್ಯಾಗ ಸಿಕ್ಕು ಹರದು ಹೋತು. ಅದನ್ನ ತುಂಬಿಕೊಟ್ಟಿದ್ದ ಹಳೇ ಗಿರಾಕಿಗೋಳ ಮನಿ ಮನಿಗಿ ಹೋಗಿ ಕೇಳೀನಿ. ಎಲ್ಲಾರೂ ಅಳಿಸ್ಯಾರ. ನಿಮ್ಮ ಕಡೆ ಅದ ಏನ್ರಿ?"

ನಾನೂ ಅಳಿಸಿದೆ ಎನ್ನಲು ಬಾಯಿ ಬರಲಿಲ್ಲ. "ಮನ್ಯಾಗ ಎಲ್ಲೋ ಇರಬೇಕ್ರಿ, ಹುಡುಕ್ತೀನಿ" ಅಂದೆ.

ಚಹಾ ತರಿಸಿದ. ಬೇಡವೆಂದರೂ ನನ್ನ ಮೊಬೈಲಿಗೆ ಹೊಸ ಗ್ಲಾಸು ಹಾಕಿದ. "ನನ್ನ ಮೊಮ್ಮಕ್ಕಳು ಅಬ್ಬಾನ ದನಿ ಕೇಳೇ ಇಲ್ರಿ" ಅನ್ನುತ್ತ ನನ್ನ ನಂಬರು ಬರೆದುಕೊಂಡ.

ಅಂದಿನಿಂದ ದಿನಾ ಬೆಳಿಗ್ಗೆ ಫೋನು. "ಸಿಕ್ತೇನ್ರಿ ಸರ?" "ಹುಡುಕಾಕತ್ತೀನ್ರಿ." ಸುಳ್ಳು ಹೇಳಿ ಹೇಳಿ ನನ್ನ ಮೇಲೆ ನನಗೇ ಹೇಸಿಗೆಯಾಗಿದೆ. ಇವತ್ತು ಅವನ ದನಿಯಲ್ಲಿ ಹೊಸ ಹುರುಪಿತ್ತು.

"ಹಳೇ ಟೇಪ್ ರೆಕಾರ್ಡರ್ ರಿಪೇರಿ ಮಾಡಿ ಇಟ್ಟೀನ್ರಿ. ನಾಳೆ ತಗೊಂಡು ನಿಮ್ಮ ಮನಿಗೇ ಬರ್ತೀನಿ. ಇಬ್ಬರೂ ಕೂಡಿ ಹುಡುಕೂಣು."

ಬರ್ರಿ ಅಂದುಬಿಟ್ಟೆ.